ಹದಿನೇಳನೆಯ ನಳಿಗೆ

ಲುಂಡ್ ಊರಾಚೆ ಬೀಟ್ ಗೆಡ್ಡೆ ಕೀಳುವ ತಿಂಗಳು.
ಲಾರಿಗಳು ಉದುರಿಸಿದ ಕರಿಮಣ್ಣು ದಾರಿಯುದ್ದ.
ಸೈಕಲ್ ತಳ್ಳುತ್ತ ಬರುತ್ತಾಳೆ ಗುನ್ವೋರ್.
ಮೂರೂವರೆಗೇ ಕತ್ತಲಾಗುವ ಊರಲ್ಲಿ
ಮೂವತ್ತೊಂದು ವರ್ಷದಿಂದ ಇದೇ ಬಾಗಿಲು,
ಎಳೆದು ತಿರುಗಿಸಬೇಕಾದ ಇದೇ ಬೀಗ.

ಒಳಗೆ ನೀರಿನ ತೊಟ್ಟಿ. ಇಪ್ಪತ್ತೈದು ಡಿಗ್ರಿ,
ಹೆಚ್ಚಿಲ್ಲ, ಕಡಿಮೆಯಿಲ್ಲ.
ಬಾಯಿ ಕರಗಿಸಿ ಮುಚ್ಚಿದ ಗಾಜಿನ ನಳಿಗೆ ಇಪ್ಪತ್ತನಾಲ್ಕು.
ಎಲ್ಲದರಲ್ಲೂ ಒಂದೇ ಸರಕು, ನೀರಿನ ಪಾಲು ಮಾತ್ರ ಬೇರೆ.

ಸರಕೆಂದರೆ: ತಲೆ ಸಕ್ಕರೆ, ಬಾಲ ಜಿಡ್ಡು.
ತಲೆಗೆ ನೀರು ಬೇಕು, ಬಾಲಕ್ಕೆ ನೀರಂದರಾಗದು,
ಕತ್ತರಿಸಿ ಪಾಲು ಮಾಡಿಕೊಳ್ಳುವಂತೆಯೂ ಇಲ್ಲ.
ಜಗಳಕ್ಕೆ ನಾವು ಎಣ್ಣೆ ಸೀಗೆಕಾಯಿ ಅನ್ನುತ್ತೇವೆ;
ಸೀಗೆಯ ನೊರೆಯಲ್ಲಿರುವುದೂ ಇದರ ದಾಯಾದಿಯೇ.
ಎಣ್ಣೆಯ ಮೇಲೆ ಹಗೆಯೇನಿಲ್ಲ ಅದಕ್ಕೆ,
ತಬ್ಬಿಕೊಂಡು ನೀರಿಗೆ ಕರೆದೊಯ್ಯುವ ಅಕ್ಕರೆ.
ಗುನ್ವೋರ್‌ಗೆ ಇದನ್ನು ಹೇಳುವವರಿಲ್ಲ.

ಹೊಸ ಹುಡುಗ ಎಬ್ಬೆ, ಸಂಶೋಧನೆಗೆಂದು ಬಂದು ಎರಡು ತಿಂಗಳು.
ಅವನಿಗಾಗಿ ಎರಡು ಗಾಜಿನ ನಡುವೆ ಒಂದು ಚಿಟಿಕೆ ಇಟ್ಟು
ಅಂಚಿಗೆ ಒಂದು ಹನಿ ತಾಗಿಸುತ್ತಾಳೆ.
ನೀರು ಒಳಗೆ ಹರಿದಂತೆ
ಸೂಕ್ಷ್ಮದರ್ಶಕದಡಿ ಉಂಗುರದ ಮೇಲೆ ಉಂಗುರ.
ಹೊರಗೆ, ನೀರು ಧಾರಾಳವಿದ್ದಲ್ಲಿ,
ಬಾಲಗಳೆಲ್ಲ ಒಳಗೆ ಮುದುಡಿ ಪುಟ್ಟ ಉಂಡೆ.
ಇನ್ನೂ ಒಳಗೆ ಊದುಕಡ್ಡಿ ಕಟ್ಟಿನ ಹಾಗೆ ಒತ್ತಿ ನಿಂತ ಕೋಲುಗಳು,
ಬೀಸಣಿಗೆ ಬೀಸಣಿಗೆಯಾಗಿ ಬಣ್ಣ.
ತೀರ ಒಳಗೆ, ನೀರು ಸಾಲದ ಕಡೆ,
ಚಿರೋಟಿಯ ಪದರ ಪದರ.
ನಡುವೆ ಒಂದು ಕಪ್ಪು ಪಟ್ಟಿ.
ಇಲ್ಲೇನಿಲ್ಲ, ಅಂದ ಎಬ್ಬೆ.
ಇದೆ, ಅಂದಳು.
ಅಲ್ಲಿ ಸಿಕ್ಕಿದ ಗಾಳಿಗುಳ್ಳೆ ನೋಡು, ಅಲುಗುತ್ತಿಲ್ಲ.
ಎಲ್ಲ ದಿಕ್ಕಿಗೂ ಒಂದೇ ಥರ ಇರುವುದು
ಈ ಬೆಳಕಿಗೆ ಕಾಣುವುದಿಲ್ಲ.

ಡಿಸೆಂಬರಿನ ಒಂದು ಸೋಮವಾರ
ಹದಿನೇಳನೆಯ ನಳಿಗೆಯಲ್ಲಿ ಬಿಳಿ ಸೂಜಿಗಳು.
ಹನ್ನೊಂದು ವಾರ ತಿಳಿಯಾಗಿತ್ತು ಅದು!
ನಕ್ಷೆಯಲ್ಲಿ ಗೆರೆ ಎಳೆದಾಗಿತ್ತು, ಶಾಯಿಯಲ್ಲಿ;
ಲೇಖನ ಕಳಿಸುವುದೊಂದೇ ಬಾಕಿ.
ತೊಟ್ಟಿ ತಣ್ಣಗಾಗಿರಬೇಕು, ಅಂದ ಹುಡುಗ.
ಇಲ್ಲ. ನಳಿಗೆ ಕೊಳಕಿರಬೇಕು. ಇರಲಾರದು.
ಕಾಯಿಸಿದಳು. ಮೂವತ್ತೊಂದಕ್ಕೆ ಕರಗಿತು.
ಮತ್ತೆ ಇಪ್ಪತ್ತೈದಕ್ಕೆ ಇಳಿಸಿದಳು:
ಮತ್ತೆ ತಿಳಿ, ಏನೂ ಆಗಿಯೇ ಇಲ್ಲವೆಂಬಂತೆ.

ಅಪ್ಪ ಸಕ್ಕರೆ ಕಾರ್ಖಾನೆಯ ಪಾಕದ ಮನೆಯಲ್ಲಿದ್ದವನು.
ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಎಳೆ ಹಿಡಿದು
ಒಂದೆಳೆಯೋ ಎರಡೆಳೆಯೋ ನೋಡಿ
ಒಂದು ಚಿಟಿಕೆ ಸಕ್ಕರೆಪುಡಿ ಎಸೆಯುತ್ತಿದ್ದ.
ಪಾಕ ಮರೆತು ಕೂತಿರುತ್ತೆ ಮಗಳೇ,
ಮನೆಯವರೊಬ್ಬರ ಮುಖ ಕಂಡರೆ ಸಾಕು,
ಎಲ್ಲ ನೆನಪಾಗುತ್ತೆ.
ಅವನ ಉಗುರಿನ ಸಂದಿ ಸಾಯುವವರೆಗೂ ಅಂಟಂಟು.

ಕಾಫಿ ಆರಿತು, ಏಲಕ್ಕಿ ಬನ್ನು ಅರ್ಧ ಉಳಿಯಿತು.
ಬ್ಲೇಡಿನಿಂದ ಶಾಯಿ ಕೆರೆದಳು.
ಕಾಗದ ಅಲ್ಲಿ ತೆಳ್ಳಗಾಗಿ
ಕಿಟಕಿಗೆ ಹಿಡಿದರೆ ಬೆಳಕು ತೂರುತ್ತದೆ.
ಮೂವತ್ತೊಂದರ ಹತ್ತಿರ ಹೊಸ ಗೆರೆ,
ಪೆನ್ಸಿಲಿನಲ್ಲಿ, ಬಿಟ್ಟು ಬಿಟ್ಟು.
ಅದರ ಕೆಳಗಿನ ಒಂಬತ್ತು ನಳಿಗೆಗಳು
ಈಗಲೂ ಕನ್ನಡಿಯ ಹಾಗೆ ತಿಳಿ.
ಯಾವುದನ್ನು ನಂಬುವುದು?

ಏಪ್ರಿಲ್‌ಗೆ ಅವಳ ನಿವೃತ್ತಿ.
ತೊಟ್ಟಿಗೆ ಚೀಟಿ ಅಂಟಿಸಿದಳು:
ಆರಿಸಬೇಡಿ. ಕಾಯುತ್ತಿದ್ದೇವೆ.

ಮಾರನೆಯ ಬೆಳಿಗ್ಗೆ ಬೀಗ ತೆರೆದೇ ಇತ್ತು.
ದೀಪ ಹಾಕದೆ, ಮಂಡಿಯೂರಿ,
ಕೈಯಲ್ಲಿ ಸೈಕಲ್ಲಿನ ಟಾರ್ಚು ಹಿಡಿದು ಎಬ್ಬೆ
ಹದಿನೆಂಟನೆಯದನ್ನು ನೋಡುತ್ತಿದ್ದ.
ಅವಳು ಕೋಟು ಬಿಚ್ಚಲಿಲ್ಲ,
ಬೂಟಿನ ಮಣ್ಣು ಒರೆಸಲಿಲ್ಲ.
ಹಿಂದೆಯೇ ನಿಂತಳು.
ಉಸಿರಿಗೆ ಗಾಜು ಮಸುಕಾಗುತ್ತಿತ್ತು,
ಅವನು ತೋಳಿನಿಂದ ಒರೆಸುತ್ತಿದ್ದ.